ತೊಂಬತ್ತನೆಯ ದಿನದ ಕೇಕು

ಆ ಮನೆಯಲ್ಲಿ ಕುಡಿಯುತ್ತಿದ್ದವಳು ಹೆಂಡತಿ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದಿನ ಮೂರು ತಿಂಗಳು ಇಡೀ ಬೀದಿ ಬೇರೇನನ್ನೋ ನಂಬಿಕೊಂಡು ಅವಳ ಗಂಡನ ಬೆನ್ನು ತಟ್ಟುತ್ತಿತ್ತು.

ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೂವು ಬಿಡಿಸುವವಳು, ಹೆಸರು ಬರೆಯುವವಳು. ಬೀದಿಗೆಲ್ಲ ಕೇಕಿನಕ್ಕ. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು, ಅವನಿಗೆ ಮೀಟರಣ್ಣ ಅಂತ ಹೆಸರು ಬಿದ್ದಿತ್ತು. ನೀರು ಮತ್ತು ಚಹಾ ಬಿಟ್ಟು ಮೂರನೆಯದನ್ನು ಮುಟ್ಟಿದ ಆಸಾಮಿಯಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕುತ್ತಿದ್ದ. ಮನೆಯಲ್ಲಿ ಇನ್ನಿಬ್ಬರು: ಅವನ ತಾಯಿ, ಮತ್ತು ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು.

ಕೇಕಿಗೆ ಹಾಕುವ ಒಣಹಣ್ಣನ್ನು ಬೇಕರಿಯವರು ರಮ್ಮಿನಲ್ಲಿ ನೆನೆಸಿಡುತ್ತಾರೆ. ಆರು ವರ್ಷದ ಹಿಂದೆ, ದಿನಕ್ಕೆ ಹತ್ತು ತಾಸು ನಿಂತು ಸೊಂಟ ಹಿಡಿದುಕೊಂಡಾಗ, ಆ ಜಾಡಿಯಿಂದ ಒಂದು ಚಮಚ ಅಂತ ಶುರುವಾಗಿದ್ದು. ಚಮಚ ಲೋಟವಾಯಿತು, ಲೋಟ ಬಾಟಲಿಯಾಯಿತು. ಬಾಟಲಿ ಅಡುಗೆಮನೆಯ ಸಿಂಕಿನ ಕೆಳಗೆ, ವಿನೆಗರ್ ಅಂತ ಚೀಟಿ ಇದ್ದ ಸೀಸೆಗೆ ಇಳಿಯಿತು. ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆ ಒಂದು ದಿನ ಅದರ ಮುಚ್ಚಳ ತೆಗೆದು ಮೂಸಿ, ಇನ್ನಷ್ಟು ಬಿಗಿಯಾಗಿ ಮುಚ್ಚಿ ಅಲ್ಲೇ ಇಟ್ಟಿದ್ದಳು. ಬಾಯಿ ಬಿಟ್ಟು ಒಂದು ಮಾತು ಯಾರೂ ಆಡಲಿಲ್ಲ. ಇಂಥ ಮನೆಗಳಲ್ಲಿ ಸುಮ್ಮನಿರುವುದಕ್ಕೇ ಸಂಸಾರ ತೂಗಿಸುವುದು ಅಂತ ಹೆಸರು.

ಒಂದು ಬೆಳಿಗ್ಗೆ ಯಾವುದೋ ಮಗುವಿನ ಹೆಸರು ಬರೆಯುವಾಗ ಕೈ ನಡುಗಿ ಕ್ರೀಮು ಕೇಕಿನ ಅಂಚಿನ ಆಚೆ ಹೋಯಿತು. ಬೇಕರಿ ಯಜಮಾನ, "ಇದು ಎರಡನೇ ಸಲ. ಮೂರನೇ ಸಲಕ್ಕೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ" ಅಂದ. ಅವಳು ಮಧ್ಯಾಹ್ನ ಒಬ್ಬಳೇ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತ್ರೆ ಕೈ ನಡುಕ ನಿಲ್ಲಿಸತ್ತೆ, ಆಸೇನ ನಿಲ್ಲಿಸಲ್ಲ. ಬಿಟ್ಟವರ ಜೊತೆ ಕೂತು ಬಾಯಿಬಿಟ್ಟು ಹೇಳ್ಕೋಬೇಕು. ಒಬ್ಬಳೇ ಬಿಡ್ತೀನಿ ಅಂದ್ರೆ ಮತ್ತೆ ಬೀಳ್ತೀಯಮ್ಮ" ಅಂದರು. ಆ ಮಾತ್ರೆ ಕೊಳ್ಳಲು ಹೋದ ಅಂಗಡಿಯ ಗಾಜಿನ ಮೇಲೆಯೇ ಒಂದು ಕಾಗದ ಅಂಟಿಸಿತ್ತು. ಕುಡಿತ ಬಿಡಬೇಕೆನ್ನುವವರು ಬನ್ನಿ, ಮಂಗಳವಾರ ಸಂಜೆ ಆರು ಗಂಟೆ, ಗ್ರಂಥಾಲಯದ ಹಿಂದಿನ ಕೋಣೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಮಂಗಳವಾರ ಹೋದಳು. ಬಾಗಿಲಲ್ಲಿ ಬೋಳುತಲೆಯವನೊಬ್ಬ ಚಹಾ ಹಂಚುತ್ತಿದ್ದ. ಒಳಗೆ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಗಂಡಸರು ಕೂತಿದ್ದರು.

"ಅಕ್ಕಾ, ಮನೆಯವರಿಗೆ ಆ ಕಡೆ" ಅಂತ ಅವನು ಪಕ್ಕದ ಕೋಣೆಗೆ ಕೈ ತೋರಿಸಿದ.

"ಅಲ್ಲ, ನಾನು..."

"ಗೊತ್ತಕ್ಕ, ಮೊದಲನೇ ದಿನ ಎಲ್ಲರಿಗೂ ಹೀಗೇ ಬಾಯಿ ಒಣಗತ್ತೆ. ಅವರು ಬರಲ್ಲ ಅಂದ್ರಾ? ಬರ್ತಾರೆ ಬಿಡಿ. ಮೊದಲು ಹೆಂಡತಿ ಬರೋದು, ಆಮೇಲೆ ಗಂಡ." ಚಹಾದ ಲೋಟ ಕೈಗೆ ತುರುಕಿ, ಅವಳನ್ನು ಆ ಕಡೆ ಕಳಿಸಿಯೇಬಿಟ್ಟ.

ಆ ಕೋಣೆಯಲ್ಲಿ ಬೆಂಚಿನ ಮೇಲೆ ಐವರು ಹೆಂಗಸರು. ಸ್ವಲ್ಪ ಹೊತ್ತಿಗೆ ಗುಂಪು ನಡೆಸುವ ಮೇಷ್ಟ್ರು ಬಂದರು. ನಿವೃತ್ತರಾದ ಶಾಲೆ ಮೇಷ್ಟ್ರು, ಹದಿನೆಂಟು ವರ್ಷದ ಹಿಂದೆ ತಾವೇ ಕುಡಿತ ಬಿಟ್ಟವರು. ಒಳ್ಳೆಯ ಮನುಷ್ಯರು. ಕೆಟ್ಟವರಾಗಿದ್ದರೆ ಅವಳು ಅಲ್ಲೇ ಜಗಳ ತೆಗೆಯುತ್ತಿದ್ದಳೋ ಏನೋ.

"ಎಷ್ಟು ವರ್ಷದಿಂದ ತಾಯಿ?"

"ಆರು."

"ದಿನಾ?"

"ದಿನಾ."

"ಬಚ್ಚಿಡೋದುಂಟಾ?"

"ಉಂಟು. ವಿನೆಗರ್ ಸೀಸೇಲಿ."

"ಅಬ್ಬಾ, ಈ ಗಂಡಸರ ತಲೆ ನೋಡಿ!" ಅಂದಳು ಬೆಂಚಿನ ಮೇಲಿದ್ದ ಒಬ್ಬಳು. ಇನ್ನೊಬ್ಬಳು ಕೇಕಿನಕ್ಕನ ಕೈ ಹಿಡಿದು ಸವರಿದಳು. ಆರು ವರ್ಷದಲ್ಲಿ ಆ ಕೈಯನ್ನು ಹೀಗೆ ಹಿಡಿದವರೇ ಇರಲಿಲ್ಲ. ಗಂಡಸರಲ್ಲಮ್ಮ, ನಾನೇ, ಅಂದಿದ್ದರೆ ಆ ಕೈ ಬಿಟ್ಟುಹೋಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ವಿಳಾಸ ಕೇಳಿದರು, ಕೊಟ್ಟಳು. ಅದು ಅವಳ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಗಿಲಲ್ಲೇ ಹೆಂಗಸಿನ ಮುಖ ನೋಡಿ ಕೋಣೆ ಗೊತ್ತುಮಾಡಿದವರ ತಪ್ಪೂ ಸಣ್ಣದಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ಮನೆಗೇ ಬಂದರು. ಎಲ್ಲರೂ ಊಟಕ್ಕೆ ಕೂತಿದ್ದರು. ಮೀಟರಣ್ಣ ಅನ್ನದ ಕೈಯಲ್ಲೇ ಬಾಗಿಲು ತೆಗೆದ.

"ನಿನ್ನನ್ನೇ ನೋಡೋಣ ಅಂತ ಬಂದೆ ಕಣಪ್ಪ. ನಾಚ್ಕೋಬೇಡ. ನಾನೂ ಒಂದು ಕಾಲದಲ್ಲಿ ನಿನ್ನ ಹಾಗೇ ಇದ್ದವನು."

"ಹೌದಾ? ನೀವೂ ಮೀಟರ್ ಓದ್ತಿದ್ರಾ?" ಅಂದ ಮೀಟರಣ್ಣ ಸಂತೋಷದಿಂದ.

"ತಮಾಷೆ ಬೇಡಪ್ಪ. ಆ ವಿನೆಗರ್ ಸೀಸೆ ವಿಷಯ ನಿನ್ನ ಹೆಂಡತಿ ಎಲ್ಲಾ ಹೇಳಿದಾಳೆ."

ಮೀಟರಣ್ಣನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಅತ್ತೆ ಎದ್ದು ಬಂದಳು. "ಬರ್ತಾನೆ ಮೇಷ್ಟ್ರೇ. ಮಂಗಳವಾರ ನಾನೇ ಕಳಿಸ್ತೀನಿ. ಪಾಪ, ನಿಮಗೆ ಇಷ್ಟು ದೂರ ತೊಂದರೆ" ಅಂತ ಕೈ ಮುಗಿದು ಬಾಗಿಲು ಹಾಕಿಕೊಂಡಳು.

"ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ನಾನು ಯಾವತ್ತು ಕುಡಿದೆ?"

"ಮೆಲ್ಲಗೆ ಮಾತಾಡು. ನಾನು ಕುಡಿದಿಲ್ಲ ಅಂತೀಯ, ಸರಿ. ಹಾಗಾದ್ರೆ ಯಾರು ಅಂತ ಕೇಳ್ತಾರೆ. ಆಗ ಏನಂತೀಯ?"

ಮೀಟರಣ್ಣ ತಟ್ಟೆ ನೋಡಿದ.

"ಗಂಡಸು ಕುಡಿದ ಅಂದ್ರೆ ಜನ ಎರಡು ದಿನ ಮಾತಾಡಿ ಬಿಡ್ತಾರೆ. ಹೆಂಗಸು ಕುಡಿದಳು ಅಂದ್ರೆ? ಇವಳ ಕೈಯ ಕೇಕು ಯಾರು ತಿಂತಾರೆ? ಈ ಹುಡುಗಿ ಬೀದೀಲಿ ತಲೆ ಎತ್ತಿ ಓಡಾಡೋದು ಬೇಡ್ವಾ?"

"ನನ್ನನ್ನ ಯಾಕೆ ಎಳೀತೀಯ ಅಜ್ಜಿ? ನನ್ನ ತಲೆ ನಾನು ಎತ್ಕೋತೀನಿ" ಅಂದಳು ಮಗಳು.

"ನೀನು ಸುಮ್ನಿರು. ನೋಡೋ, ನೀನು ಹೋಗು. ಅವರು ಹೇಳೋದನ್ನ ಕಿವಿಗೊಟ್ಟು ಕೇಳು, ಬಂದು ಇವಳಿಗೆ ಹೇಳು. ಅಲ್ಲಿಗೆ ಕೆಲಸ ಆಯ್ತಲ್ಲ."

ಕೇಕಿನಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಕಾಯಿಲೆಗೆ ಅವರು ಔಷಧಿ ತಗೊಂಡ್ರೆ ನನಗೆ ವಾಸಿಯಾಗತ್ತಾ ಅತ್ತೆ?"

"ವಾಸಿಯಾಗತ್ತೋ ಇಲ್ವೋ, ಮರ್ಯಾದೆ ಅಂತೂ ಉಳಿಯತ್ತೆ. ನಿಮ್ಮ ಮಾವ ಮೂವತ್ತು ವರ್ಷ ಕುಡಿದರು. ನಾನು ಯಾವ ಗ್ರಂಥಾಲಯಕ್ಕೆ ಹೋಗಿದ್ದೆ?"

ಗಂಡ ಏನಾದರೂ ಹೇಳುತ್ತಾನೆ ಅಂತ ಅವಳು ಕಾದಳು. ಅವನು ಸಾರು ಬಡಿಸಿಕೊಂಡ.

ಹೀಗೆ ಮುಂದಿನ ಮಂಗಳವಾರ ಆರು ಗಂಟೆಗೆ, ಜನ್ಮದಲ್ಲಿ ಕುಡಿಯದ ಮನುಷ್ಯ ಕುಡಿತ ಬಿಡುವುದಕ್ಕೆ ಹೊರಟ. ಅದೇ ಹೊತ್ತಿಗೆ ಅವನ ಹೆಂಡತಿ ವಿನೆಗರ್ ಸೀಸೆಯನ್ನು ಸಿಂಕಿಗೆ ಸುರಿದು, ಮೂರು ಸಲ ತೊಳೆದು, ಕಸದ ಬುಟ್ಟಿಗೆ ಹಾಕಿದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಊಟದ ಹೊತ್ತಿಗೆ ಅವನು ಮೀಟರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದನ್ನು ಓದಿದ. "ಒಂದೊಂದೇ ದಿನ ಲೆಕ್ಕ ಹಾಕಬೇಕಂತೆ. ಹಸಿವು, ಸಿಟ್ಟು, ಸುಸ್ತು, ಈ ಮೂರಕ್ಕೆ ಅವಕಾಶ ಕೊಡಬಾರದಂತೆ."

"ನೀವು ಅಲ್ಲಿ ಏನು ಹೇಳಿದ್ರಿ?"

"ಏನೂ ಹೇಳಲಿಲ್ಲ. ಅತ್ತುಬಿಟ್ಟೆ."

"ಯಾಕೆ?"

"ಎಲ್ಲರೂ ಅಳ್ತಾ ಇದ್ರು."

ಮಗಳು ನೀರು ನೆತ್ತಿಗೇರುವಷ್ಟು ನಕ್ಕಳು. ಕೇಕಿನಕ್ಕನಿಗೂ ನಗು ಬಂತು, ಅಂದು ಬಂದದ್ದೇ ಕೊನೆ. ಆ ವಾರವೆಲ್ಲ ಅವಳ ಬೆನ್ನು ಬೆವರಿನಲ್ಲಿ ನೆನೆಯುತ್ತಿತ್ತು. ಚಮಚ ಹಿಡಿದರೆ ತಟ್ಟೆಗೆ ಟಕಟಕ ಬಡಿಯುತ್ತಿತ್ತು. ಬೇಕರಿಯಲ್ಲಿ ಹೆಸರು ಬರೆಯುವ ಕೆಲಸ ತಪ್ಪಿಸಿ, ಕೇಕಿನ ಬದಿಗೆ ಕ್ರೀಮು ಸವರುವ ಕೆಲಸ ಕೇಳಿ ತೆಗೆದುಕೊಂಡಳು. ಗುಂಪಿನಲ್ಲಿ ಹೊಸಬರಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತಾರೆ. ಮೀಟರಣ್ಣನಿಗೆ ಸಿಕ್ಕವನು ಆ ಬೋಳುತಲೆಯವನೇ. ದಿನಾ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದ.

"ಇವತ್ತು ಹೇಗಿದೆ ಅಣ್ಣಾ? ಬೇಕು ಅನ್ನಿಸ್ತಾ?"

"ಇಲ್ಲಪ್ಪ, ಒಂಚೂರೂ ಅನ್ನಿಸಲಿಲ್ಲ."

"ಭೇಷ್! ಮೊದಲನೇ ವಾರದಲ್ಲೇ ಇಷ್ಟು ಗಟ್ಟಿಯಾಗಿರೋರನ್ನ ನಾನು ನೋಡೇ ಇಲ್ಲ."

ಎರಡು ಮಾರು ದೂರದಲ್ಲಿ ಸಿಂಕಿನ ಅಂಚು ಹಿಡಿದು ನಿಂತಿದ್ದ ಕೇಕಿನಕ್ಕ ಕೈ ಚಾಚಿದಳು. "ಇಲ್ಲಿ ಕೊಡಿ ಆ ಫೋನು. ನಂಗೆ ಅನ್ನಿಸ್ತಿದೆ. ನಾನು ಮಾತಾಡ್ತೀನಿ." ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಹೊರಗೆ ಹೋಗಿ ಮಾತು ಮುಂದುವರಿಸಿದ. ಹೆದರಿದ್ದ, ಪಾಪ. ಆದರೆ ಹೆದರಿದವರೆಲ್ಲ ಪಾಪದವರು ಅಂತ ಬಿಟ್ಟುಬಿಟ್ಟರೆ ಹೆದರದವರ ಗತಿಯೇನು?

ಮೂವತ್ತು ದಿನ ತುಂಬಿದಾಗ ಗುಂಪಿನವರು ಅವನಿಗೆ ಹಸಿರು ಬಿಲ್ಲೆಯೊಂದನ್ನು ಕೊಟ್ಟು ಚಪ್ಪಾಳೆ ತಟ್ಟಿದರು. ಮೊದಮೊದಲು ಅದನ್ನು ಜೇಬಿನೊಳಗೆ ಇಟ್ಟುಕೊಂಡಿದ್ದ. ಆಮೇಲೆ ಯಾರೋ ಕೇಳಿದರು ಅಂತ ಹೊರಗೆ ತೆಗೆದ. ಆಮೇಲೆ ಪಿನ್ನು ಹಾಕಿ ಅಂಗಿಗೇ ಚುಚ್ಚಿಕೊಂಡ. ಹದಿನೈದು ವರ್ಷ ಜನ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ, ಮೀಟರ್ ಅಲ್ಲಿದೆ ನೋಡಿಕೋ ಅನ್ನುತ್ತಿದ್ದರು. ಈಗ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಕುಡಿಯದೆ ಬದುಕಿದ ನಲವತ್ತೈದು ವರ್ಷಕ್ಕೆ ಸಿಗದ ಮರ್ಯಾದೆ, ಕುಡಿದು ಬಿಟ್ಟ ಅನ್ನುವ ಸುಳ್ಳಿಗೆ ಒಂದೇ ತಿಂಗಳಲ್ಲಿ ಸಿಕ್ಕಿತು.

ಬೇಕರಿ ಯಜಮಾನ ಕೂಡ, "ನಿಮ್ಮ ಯಜಮಾನರು ಬಿಟ್ಟರಂತಲ್ಲಾ! ಅದಕ್ಕೇ ಆವಾಗ ನಿನ್ನ ಕೈ ನಡುಗ್ತಿತ್ತು. ಮನೆ ಚಿಂತೆ" ಅಂದ. ಅವಳು ಕ್ರೀಮಿನ ಚೀಲ ಹಿಂಡುತ್ತ ಹಲ್ಲು ಕಚ್ಚಿಕೊಂಡಳು. ಅವಳಿಗೂ ಅಂದಿಗೆ ಮೂವತ್ತಾರನೆಯ ದಿನ. ಕೈ ಸ್ಥಿರವಾಗಿ ನಿಂತಿತ್ತು. ಯಾರ ಆಸರೆಯೂ ಇಲ್ಲದೆ, ಮೀಟರ್ ಪುಸ್ತಕದಿಂದ ಓದಿ ಹೇಳಿದ ಅರ್ಧಂಬರ್ಧ ಮಾತು ಹಿಡಿದುಕೊಂಡು ನಿಂತಿತ್ತು.

"ನಾನು ಹೋಗ್ತೀನಿ ರೀ ಇನ್ನು ಮೇಲೆ" ಅಂತ ಅವಳು ಎರಡು ಸಲ ಕೇಳಿದಳು. "ಅಲ್ಲಿ ಗಂಡಸರೇ ಇರೋದು, ನಿಂಗೆ ಸರಿಹೋಗಲ್ಲ" ಅಂದ ಒಮ್ಮೆ. "ಈಗ ಹೇಳಿದ್ರೆ ನನ್ನ ಮುಖ ಎಲ್ಲಿಡ್ಲಿ?" ಅಂದ ಇನ್ನೊಮ್ಮೆ. ಎರಡನೆಯ ಉತ್ತರವೇ ನಿಜವಾದದ್ದು.

ಎಪ್ಪತ್ತೊಂಬತ್ತನೆಯ ದಿನ, ಬುಧವಾರ, ಪಕ್ಕದ ಮನೆಯಾಕೆ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಲಾರಿ ಓಡಿಸುವವನು, ಕುಡಿದು ಕೆಲಸ ಕಳೆದುಕೊಂಡಿದ್ದ. "ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ ಅಣ್ಣಾ. ಅನುಭವಿಸಿದೋರು ನೀವು."

ಮೀಟರಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತ. "ನೋಡಪ್ಪ, ಮೊದಲನೇ ವಾರ ಬಹಳ ಕಷ್ಟ. ಬೆನ್ನೆಲ್ಲ ಬೆವರು. ಚಮಚ ಹಿಡಿದ್ರೆ ತಟ್ಟೆಗೆ ಟಕಟಕ ಅಂತ ಬಡಿಯತ್ತೆ. ಸಿಂಕಿನ ಅಂಚು ಹಿಡ್ಕೊಂಡು ನಿಂತ್ಕೋತಿದ್ದೆ ನಾನು. ಆದ್ರೆ ಮನಸ್ಸು ಗಟ್ಟಿ ಮಾಡ್ದೆ."

ಕೇಕಿನಕ್ಕ ಒಳಗೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವಳ ಬೆವರು, ಅವಳ ಚಮಚ, ಅವಳ ಸಿಂಕು. ನಾಚಿಕೆಯನ್ನು ಅವಳಿಗೆ ಬಿಟ್ಟು ಉಳಿದದ್ದನ್ನೆಲ್ಲ ಅವನು ಎತ್ತಿಕೊಂಡು ಹೋಗಿದ್ದ. ಚಾಕು ಕೆಳಗಿಟ್ಟು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಕಣ್ಣು ಕೆಂಪಗಿತ್ತು. ನಡಿಗೆ ಒಂದು ಕಡೆ ವಾಲುತ್ತಿತ್ತು.

ಬಂದವರು ಆಗಲೇ ಹೋಗಿದ್ದರು. ಅತ್ತೆ ಮೂಗು ಮುಚ್ಚಿಕೊಂಡಳು. "ನೋಡ್ದ್ಯಾ? ಅವನು ನಿನಗೋಸ್ಕರ ಇಷ್ಟೆಲ್ಲಾ ಮಾಡ್ತಿದಾನೆ, ನಿಂಗೆ ಸ್ವಲ್ಪಾನೂ ಕೃತಜ್ಞತೆ ಇಲ್ವಲ್ಲ!"

"ನನಗೋಸ್ಕರಾನಾ? ಆ ಬಿಲ್ಲೆ ನನ್ನ ಅಂಗಿ ಮೇಲಿದೆಯಾ ಅತ್ತೆ?"

"ಎಪ್ಪತ್ತೊಂಬತ್ತು ದಿನ ನೀರಲ್ಲಿ ಹೋಯ್ತು" ಅಂದ ಮೀಟರಣ್ಣ ದುಃಖದಿಂದ.

"ಯಾರ ಎಪ್ಪತ್ತೊಂಬತ್ತು ದಿನ ಅಪ್ಪಾ?" ಮಗಳು ಪುಸ್ತಕ ಬಡಿದು ಎದ್ದಳು. "ನಿಂದಾ? ನೀನು ಏನು ಬಿಟ್ಟೆ? ಅಮ್ಮ ಬಿಟ್ಟಿದ್ದು. ಆ ಮಾತು ಇವತ್ತಿನವರೆಗೆ ಅಮ್ಮನಿಗೆ ಯಾರಾದ್ರೂ ಹೇಳಿದ್ದೀರಾ? ನಾನೂ ಹೇಳಿಲ್ಲ. ಥೂ, ನಮ್ಮ ಮನೆಯೇ."

ಮಗಳು ತಾಯಿಯ ಮುಖ ತೊಳೆಸಿ, ಅರ್ಧಕ್ಕೆ ಬಿಟ್ಟಿದ್ದ ಆಲೂಗಡ್ಡೆ ತಾನೇ ಬೇಯಿಸಿದಳು. ಮರುದಿನ ಬೆಳಿಗ್ಗೆ ಕೇಕಿನಕ್ಕ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಂದು ಅಂತ ಬರೆದಳು. ಅತ್ತೆ ಅದರ ಮೇಲೆ ಟವೆಲು ನೇತುಹಾಕಿದಳು. ಮಗಳು ಟವೆಲು ತೆಗೆದಳು. ಆ ಟವೆಲು ಹತ್ತು ದಿನ ಹೀಗೇ ಹತ್ತಿ ಇಳಿಯಿತು.

ಮುಂದಿನ ವಾರದ ಶನಿವಾರ ಬೇಕರಿಗೆ ಆರ್ಡರ್ ಬಂತು. ಬೋಳುತಲೆಯವನೇ ಬಂದಿದ್ದ. "ಅಕ್ಕಾ, ನಿಮಗೆ ಗೊತ್ತಾಗಬಾರದು ಅಂತಿದ್ವಿ, ಆದ್ರೆ ಕೇಕು ಬರೆಯೋರು ನೀವೇ ಅಂತೆ! ನಾಳೆ ಭಾನುವಾರ ಅಣ್ಣನಿಗೆ ತೊಂಬತ್ತು ದಿನ. ಸಣ್ಣ ಸಮಾರಂಭ. ಮನೆಯವರೆಲ್ಲ ಬರಬೇಕು. ಕೇಕಿನ ಮೇಲೆ 'ತೊಂಬತ್ತು ದಿನ' ಅಂತ ಚೆಂದಾಗಿ ಬರೆದುಕೊಡಿ."

"ಬರೀತೀನಿ" ಅಂದಳು.

ಭಾನುವಾರ ಬೆಳಿಗ್ಗೆ ಬೇಕರಿಯ ಒಳಮನೆಯಲ್ಲಿ ಬಿಳಿ ಕ್ರೀಮು ಬಳಿದ ಕೇಕಿನ ಮುಂದೆ ಅವಳು ಬಹಳ ಹೊತ್ತು ನಿಂತಳು. ಕೈ ಮತ್ತೆ ಸ್ವಲ್ಪ ನಡುಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದಳು. ಡಬ್ಬ ಮುಚ್ಚಿ ದಾರ ಕಟ್ಟಿದಳು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅವತ್ತು ಗೋಡೆಗುಂಟ ಬೆಂಚು ಹಾಕಿ ಮನೆಯವರನ್ನು ಕೂರಿಸಿದ್ದರು. ಅತ್ತೆ ಹೊಸ ಬಟ್ಟೆ ತೊಟ್ಟಿದ್ದಳು. ಮೀಟರಣ್ಣ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ಮೇಷ್ಟ್ರ ಪಕ್ಕ ಕೂತಿದ್ದ. ಅಂಗಿಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು. ಮೇಷ್ಟ್ರು ಅವನನ್ನು ಬಾಯ್ತುಂಬ ಹೊಗಳಿ, "ಇಂಥವರ ಹಿಂದೆ ತಾಳ್ಮೆಯ ಒಂದು ಹೆಣ್ಣಿರ್ತಾಳೆ. ಆ ತಾಯಿ ಎರಡು ಮಾತಾಡಲಿ. ಮೊದಲು ಕೇಕು ತೆಗೀರಿ" ಅಂದರು.

ಬೋಳುತಲೆಯವನು ದಾರ ಬಿಚ್ಚಿ ಮುಚ್ಚಳ ಎತ್ತಿದ. ಅವನ ಹುಬ್ಬು ಗಂಟಿಕ್ಕಿತು.

"ಅಯ್ಯೋ, ಬೇಕರಿಯವರು ಬೇರೆ ಯಾರದ್ದೋ ಕಳಿಸಿದಾರೆ! ಇದರಲ್ಲಿ ಹನ್ನೊಂದು ದಿನ ಅಂತಿದೆ."

"ಬೇರೆ ಯಾರದ್ದೂ ಅಲ್ಲ" ಅಂತ ಕೇಕಿನಕ್ಕ ಎದ್ದು ನಿಂತಳು. "ನಂದು. ನಾನೇ ಬರೆದಿದ್ದು."

ಅತ್ತೆ ಅವಳ ಕೈ ಜಗ್ಗಿದಳು. "ಕೂತ್ಕೋ. ಮಾನ ಕಳೀಬೇಡ."

"ಆರು ವರ್ಷ ಕೂತಿದ್ದೀನಿ ಅತ್ತೆ, ಸಾಕು." ಕೈ ಬಿಡಿಸಿಕೊಂಡು ಮುಂದೆ ಬಂದಳು. "ಕುಡಿಯೋಳು ನಾನು. ಇವರು ಯಾವತ್ತೂ ಒಂದು ಹನಿ ಮುಟ್ಟಿದೋರಲ್ಲ. ವಿನೆಗರ್ ಸೀಸೆ ನಂದು. ಇವರು ತಮ್ಮದು ಅಂತ ಹೇಳ್ಕೊಂಡ ಬೆವರು ನಂದು, ನಡುಕ ನಂದು. ಎಪ್ಪತ್ತೆಂಟು ದಿನ ಒಬ್ಬಳೇ ಬಿಟ್ಟಿದ್ದೆ. ಆಮೇಲೆ ಬಿದ್ದೆ. ಇವತ್ತಿಗೆ ಹನ್ನೊಂದು ದಿನ."

ಮೇಷ್ಟ್ರು ಕನ್ನಡಕ ತೆಗೆದರು. "ಅವತ್ತೇ ಯಾಕೆ ಹೇಳಲಿಲ್ಲ ತಾಯಿ?"

"ನೀವು ಕೇಳಿದ್ದು ಅವರು ಎಷ್ಟು ವರ್ಷದಿಂದ ಕುಡೀತಾರೆ ಅಂತ. ನೀನು ಯಾಕೆ ಬಂದೆ ಅಂತ ಯಾರಾದ್ರೂ ಕೇಳಿದ್ರಾ? ಗಾಜಿನ ಮೇಲೆ ಅಂಟಿಸಿದ ಕಾಗದದಲ್ಲಿ ಗಂಡಸರು ಮಾತ್ರ ಬನ್ನಿ ಅಂತ ಬರೆದಿರಲಿಲ್ಲ ಮೇಷ್ಟ್ರೇ. ಓದ್ಕೊಂಡೇ ಬಂದಿದ್ದೆ ನಾನು."

ಮೇಷ್ಟ್ರು ನೆಪ ಹುಡುಕಲು ಹೋಗಲಿಲ್ಲ, ಅಷ್ಟು ದೊಡ್ಡತನ ಅವರಿಗಿತ್ತು. "ತಪ್ಪು ನಮ್ಮದು" ಅಂದರು.

ಮೀಟರಣ್ಣನ ಮುಖ ಕೆಂಡವಾಗಿ, ಆಮೇಲೆ ಬೂದಿಯಾಯಿತು. ನಡುಗುವ ಕೈಯಲ್ಲಿ ಬಿಲ್ಲೆ ಬಿಚ್ಚಿ ಹೆಂಡತಿಯ ಕಡೆ ಚಾಚಿದ. ಅವನ ಕೈ ನಿಜವಾಗಿ ನಡುಗಿದ್ದು ಅದೇ ಮೊದಲು.

"ತಗೋ. ಇದು ನಿಂದೇ."

"ಬೇಡ. ಅದು ಮೂವತ್ತು ದಿನ ತುಂಬಿದೋರಿಗೆ ಕೊಡೋದು. ನಂಗಿನ್ನೂ ಹತ್ತೊಂಬತ್ತು ದಿನ ಬಾಕಿ ಇದೆ. ತುಂಬಿದಾಗ ಇವರ ಕೈಯಿಂದಲೇ ಇಸ್ಕೋತೀನಿ."

"ಮತ್ತೆ ನಾನು ಈಗ ಏನು ಮಾಡ್ಲಿ?"

"ಏಳಿ. ಅದು ನನ್ನ ಕುರ್ಚಿ."

ಅವನು ಎದ್ದ. ಅವಳು ಕೂತಳು. ಸೊಂಟ ನೋಯುತ್ತಿತ್ತು, ಕುರ್ಚಿಯ ಬೆನ್ನಿಗೆ ಸರಿಯಾಗಿ ಒರಗಿಕೊಂಡಳು. ಬೆಂಚಿನ ಮೇಲಿನಿಂದ ಮಗಳು ಒಬ್ಬಳೇ ಚಪ್ಪಾಳೆ ತಟ್ಟಿದಳು. ಮೊದಲ ದಿನ ಅವಳ ಕೈ ಸವರಿದ್ದ ಹೆಂಗಸು ಅತ್ತಿತ್ತ ನೋಡಿ ತಾನೂ ತಟ್ಟಿದಳು. ಅತ್ತೆ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದಳು.

ಮೀಟರಣ್ಣ ಕುರ್ಚಿಗಳ ನಡುವೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತೇ ಇದ್ದ. ಬೋಳುತಲೆಯವನು ಅವನ ಭುಜ ಮುಟ್ಟಿ ಗೋಡೆಯ ಕಡೆ ಕೈ ತೋರಿಸಿದ.

"ಅಣ್ಣಾ, ಮನೆಯವರಿಗೆ ಆ ಕಡೆ."